ಅವನು ನಿಂತ ಜಾಗ

ಗಾಜಿನ ಫಲಕ. ಒಂದು ಮೂಲೆ ಮುಕ್ಕು.
ಹಿಂದೆ ಅಂಟಿಸಿದ ಚೀಟಿಯಲ್ಲಿ ಶಾಯಿ ಉಳಿಸಿದ್ದು ಇಷ್ಟೇ:
ವಾಲ್ಪರೈಸೊ, ಕಮ್ಮಾರರ ಮೆಟ್ಟಿಲೋಣಿ, ೧೮೬೮, ಬೆಳಿಗ್ಗೆ.
ತೆಗೆದವನ ಹೆಸರಿಲ್ಲ.

ನಗರಸಭೆ ನನಗೆ ಸಂಬಳ ಕೊಡುವುದು ಇದಕ್ಕೆ:
ಅವನು ನಿಂತಲ್ಲೇ ನಿಂತು
ಅವನು ಕಂಡದ್ದನ್ನೇ ಕಂಡು
ಗುಂಡಿ ಒತ್ತಿ ಬರಬೇಕು.
ಹಳೆಯದು ಎಡಕ್ಕೆ, ಹೊಸದು ಬಲಕ್ಕೆ,
ನಡುವೆ ಬೆರಳಗಲ ಬಿಳಿ ಗೋಡೆ.
ಜನ ಬರುತ್ತಾರೆ, ಎಡಕ್ಕೆ ನೋಡಿ ಅಯ್ಯೋ ಅನ್ನುತ್ತಾರೆ,
ಬಲಕ್ಕೆ ನೋಡಿ ತಮ್ಮ ಮನೆ ಹುಡುಕುತ್ತಾರೆ.

ಮೂರು ದಿನ ಹತ್ತಿದೆ, ಇಳಿದೆ.
ಈ ಊರಿನಲ್ಲಿ ನೆಲ ಆಗಾಗ ಮಗ್ಗುಲು ಬದಲಿಸುತ್ತದೆ;
ಚಿತ್ರದ ಮಣ್ಣಿನ ಮನೆಗಳು ಯಾವ ನಡುಕಕ್ಕೆ ಹೋದವೋ,
ಈಗ ತಗಡಿನ ಗೋಡೆಗಳು,
ಹಡಗಿಗೆ ಬಳಿದು ಮಿಕ್ಕಿದ ನೀಲಿ, ಕದ್ದು ತಂದ ಹಳದಿ.
ಉಳಿದ ಸಾಕ್ಷಿ ಎರಡೇ:
ಎದುರು ಗುಡ್ಡದ ಬೋಳು ನೆತ್ತಿ,
ತಿರುವಿನಲ್ಲಿ ಕಲ್ಲುಗೋಡೆಯ ಒಂದು ಮೊಣಕೈ.
ನೆತ್ತಿ ಮೊಣಕೈಗೆ ತಾಗಬೇಕು.
ಎಡಕ್ಕೆ ಸರಿದರೆ ನೆತ್ತಿ ಜಾರುತ್ತದೆ,
ಬಲಕ್ಕೆ ಸರಿದರೆ ಕಡಲೇ ಕಾಣೆ.
ಕಡೆಗೆ ಕಾಗದದ ಮೇಲೆ ಗೆರೆ ಎಳೆದು, ಕೂಡಿ ಕಳೆದಾಗ ಗೊತ್ತಾಯಿತು:
ಅವನು ನಿಂತ ದಿಬ್ಬವನ್ನು ಕಡಿದು ರಸ್ತೆ ಮಾಡಿದ್ದಾರೆ.
ಅವನ ಕಾಲು ಇದ್ದಲ್ಲಿ ಬರೀ ಗಾಳಿ.
ಆ ಗಾಳಿಗೆ ಆಮೇಲೆ ಇಟ್ಟಿಗೆ ಕಟ್ಟಿದ್ದಾರೆ.
ನಾಲ್ಕನೇ ಮಹಡಿ, ಎಡಗಡೆ ಬಾಗಿಲು.

"ಅಮ್ಮಾ, ನೂರೈವತ್ತು ವರ್ಷದ ಹಿಂದೆ ಒಬ್ಬಾತ
ನಿಮ್ಮ ಅಡುಗೆಮನೆಯಲ್ಲಿ ನಿಂತಿದ್ದ."
"ಬೂಟು ಒರೆಸಿಕೊಂಡು ಬಂದಿದ್ದನೆ?" ಅಂದಳು ಎಡೆಲ್ಮಿರಾ,
ಹಿಟ್ಟಿನ ಕೈಯಲ್ಲೇ ಚಿಲಕ ಹಿಡಿದು.

ನಾನು ತೋರಿಸಿದೆ: ಇಲ್ಲಿ ಕುಲುಮೆ, ಇದು ನೀರಿನ ತೊಟ್ಟಿ,
ಅದು ಹಾಯಿಹಡಗುಗಳ ಕಾಡು.
ಅವಳು ಕನ್ನಡಕ ಏರಿಸಿ ನೋಡಿದ್ದು ಮೂಲೆಯ ಹಗ್ಗವನ್ನು.
"ಮಂಜು ಕವಿದ ದಿನವೂ ಒಗೆದು ಹಾಕಿದ್ದಾಳೆ.
ಎಲ್ಲ ಚೌಕ ಬಟ್ಟೆ. ಕೂಸಿರುವ ಮನೆ."
ಆಮೇಲೆ ಮೆಟ್ಟಿಲ ಮೇಲಿನ ಹುಡುಗನನ್ನು:
"ಬೂಟು ಅಣ್ಣನದು. ಒಳಗೆ ಚಿಂದಿ ತುರುಕಿದ್ದಾರೆ,
ನಿಂತ ರೀತಿ ನೋಡು."

ಇವನೊಬ್ಬನೇ ಯಾಕೆ, ಓಣಿ ಖಾಲಿ ಇತ್ತೆ?
ಇಲ್ಲ, ತುಂಬಿತ್ತು ಅಂದೆ.
ಆಗಿನ ಕ್ಯಾಮೆರಾ ಒಮ್ಮೆ ನೋಡಿ ಮುಗಿಸಲು ಕೆಲವು ಉಸಿರು ಬೇಕು;
ನಡೆದವರೆಲ್ಲ ಅಷ್ಟರಲ್ಲಿ ಕರಗಿಹೋದರು,
ಸೌದೆ ಹೊತ್ತವರು, ಸಾಲ ಕೇಳಲು ಹೊರಟವರು, ತಡವಾದವರು.
ಹೊಗೆಯಂಥ ಈ ಗೀರು ಒಬ್ಬ ಹೆಂಗಸು.
ಮೂರು ತಲೆಯ ಇದು ಒಂದೇ ನಾಯಿ.
ಹೋಗಬೇಕಾದ ಕೆಲಸ ಇಲ್ಲದವನು ಮಾತ್ರ ಉಳಿದ.
"ಕೆಲಸ ಇಲ್ಲದ್ದಕ್ಕಲ್ಲ" ಅಂದಳು, "ಬೂಟಿಗೆ."

ಕಿಟಕಿಗೆ ಕ್ಯಾಮೆರಾ ಇಟ್ಟೆ. ನೆತ್ತಿ ಮೊಣಕೈಗೆ ತಾಗಿತು,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಸ್ವಲ್ಪ ಸರಿಯಿರಿ ಅಂದೆ.
"ಹಾಲು ಉಕ್ಕುತ್ತದೆ" ಅಂದಳು, ಸರಿಯಲಿಲ್ಲ.
ಸೆಕೆಂಡಿನ ಐನೂರರಲ್ಲಿ ಒಂದು ಪಾಲು.
ಎಲ್ಲರೂ ಸಿಕ್ಕರು:
ನಮಗೆ ಕೇಳಿಸದ ಹಾಡಿಗೆ ತಲೆಯಾಡಿಸುತ್ತ ಇಳಿಯುವ ಹುಡುಗಿ,
ಗ್ಯಾಸ್ ಸಿಲಿಂಡರ್ ಹೊತ್ತವನ ಎತ್ತಿದ ಕಾಲು,
ಕಂಟೇನರ್ ರಾಶಿಯ ಮೇಲೆ ರೆಕ್ಕೆ ಬಿಚ್ಚಿದ ಕಡಲಹಕ್ಕಿ,
ಒಂದೇ ತಲೆಯ ನಾಯಿ.
ಯಾರೂ ನಿಂತಿರಲಿಲ್ಲ. ಯಾರೂ ತಪ್ಪಿಸಿಕೊಳ್ಳಲೂ ಇಲ್ಲ.
ಬಲದ ಅಂಚಿನಲ್ಲಿ ಹಾಲಿನ ಹಬೆ,
ಹಿಟ್ಟು ಮೆತ್ತಿದ ಇನ್ನೊಂದು ಮೊಣಕೈ.

ಅಂಚು ಕತ್ತರಿಸಿ ಅಂದರು ಮೇಲಧಿಕಾರಿ.
ಕತ್ತರಿಸಿದರೆ ಹೊಂದುತ್ತದೆ, ನಿಜ.
ನಾಳೆ ಮಾಡುತ್ತೇನೆ ಅಂದಿದ್ದೇನೆ. ಇದು ಮೂರನೇ ವಾರ.

ಈ ಕಟ್ಟಡವೂ ಒಂದು ರಾತ್ರಿ ಮಗ್ಗುಲಾದೀತು.
ಆಗ ಯಾರೋ ನನ್ನ ಚಿತ್ರ ಹಿಡಿದು
ನೆತ್ತಿ, ಮೊಣಕೈ ಎಂದು ಅಳೆಯುತ್ತ ಬಂದು
ಬಯಲಿನಲ್ಲಿ ಕತ್ತೆತ್ತಿ ನಿಂತಾನು:
ಮೇಲೆ, ನಾಲ್ಕು ಮಹಡಿಯಷ್ಟು ಮೇಲೆ, ಬರೀ ಗಾಳಿಯಲ್ಲಿ
ನಾನು ನಿಂತ ಜಾಗ.
ಹತ್ತುವುದು ಹೇಗೆಂದು ಅವನೇ ಕಂಡುಕೊಳ್ಳಲಿ.
ಬೂಟು ಒರೆಸಿಕೊಂಡರೆ ಸಾಕು.